ವಿಷವೂ ಕಾವಲೂ: ಬಾರ್ನೇಸ್ ಕಿಣ್ವ ಮತ್ತು ಬಾರ್‌ಸ್ಟಾರ್ ಪ್ರತಿಬಂಧಕದ ಸಂಶೋಧನೆಯ ಚರಿತ್ರೆ

ತನಗೇ ಮಾರಕವಾಗಬಲ್ಲ ಕಿಣ್ವವನ್ನು ತನ್ನೊಳಗೆ ತಯಾರಿಸಿ ಹೊರಕ್ಕೆ ಕಳುಹಿಸುವ ಜೀವಿಗಳು ಸೂಕ್ಷ್ಮಜೀವಿಲೋಕದಲ್ಲಿ ಅಪರೂಪವಲ್ಲ. ಮಣ್ಣಿನಲ್ಲಿ ನೆಲೆಸುವ ಬ್ಯಾಸಿಲಸ್ ಅಮೈಲೋಲಿಕ್ವಿಫೇಸಿಯನ್ಸ್ ಎಂಬ ಬ್ಯಾಕ್ಟೀರಿಯ ಸ್ರವಿಸುವ ರೈಬೋನ್ಯೂಕ್ಲಿಯೇಸ್ ಅಂತಹ ಒಂದು ಕಿಣ್ವ. ಆರ್‌ಎನ್‌ಎ ಅಣುಗಳನ್ನು ತುಂಡರಿಸುವುದು ಅದರ ಕಾರ್ಯ. ಕೋಶದ ಹೊರಗೆ ಅದು ನಿರುಪದ್ರವಿ. ಕೋಶದೊಳಗೇ ಅದು ಎಚ್ಚೆತ್ತುಕೊಂಡರೆ ಪ್ರೋಟೀನ್ ತಯಾರಿಕೆಗೆ ಅವಶ್ಯವಾದ ಆರ್‌ಎನ್‌ಎಯನ್ನೇ ನಾಶಮಾಡಿ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಈ ಅಪಾಯವನ್ನು ತಡೆಯುವುದಕ್ಕೆಂದೇ ಅದೇ ಬ್ಯಾಕ್ಟೀರಿಯ ಮತ್ತೊಂದು ಸಣ್ಣ ಪ್ರೋಟೀನನ್ನು ಕೋಶದೊಳಗೆ ಇರಿಸಿಕೊಂಡಿದೆ. ಕಿಣ್ವದ ಹೆಸರು ಬಾರ್ನೇಸ್. ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನಿನ ಹೆಸರು ಬಾರ್‌ಸ್ಟಾರ್.

ಜೀವರಸಾಯನ ಶಾಸ್ತ್ರದ ಗ್ರಂಥಗಳಲ್ಲಿ ಬಾರ್ನೇಸ್‌ಗೆ ದೊರೆತಿರುವ ಪ್ರಾಧಾನ್ಯ ಬಾರ್‌ಸ್ಟಾರ್‌ಗೆ ದೊರೆತಿಲ್ಲ. ಪ್ರತಿಬಂಧಕವನ್ನು ಕಿಣ್ವದ ಅನುಬಂಧವೆಂಬಂತೆ ವಿವರಿಸುವುದೇ ರೂಢಿ. ಆದರೆ ಈ ಜೋಡಿಯ ಸಂಶೋಧನೆಯ ಮಹತ್ತ್ವದ ತಿರುವುಗಳನ್ನು ಕಾಲಾನುಕ್ರಮದಲ್ಲಿ ನೋಡಿದರೆ, ಮುಂದಿನ ಹೆಜ್ಜೆಯನ್ನು ಸಾಧ್ಯವಾಗಿಸಿದುದು ಹೆಚ್ಚಿನ ಸಲ ಕಿಣ್ವವಲ್ಲ, ಅದರ ಕಾವಲುಗಾರ ಎಂಬುದು ಸ್ಪಷ್ಟವಾಗುತ್ತದೆ.

ಆರಂಭದ ಅಧ್ಯಯನಗಳು

ಪ್ರೋಟೀನೊಂದು ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸಬಲ್ಲದು ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಇತ್ತು. ಮೇದೋಜೀರಕ ಗ್ರಂಥಿಯಲ್ಲಿ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಪ್ರೋಟೀನನ್ನು ಕುನಿಟ್ಜ್ ಮತ್ತು ನಾರ್ಥ್ರಾಪ್ 1936ರಲ್ಲಿ ಸ್ಫಟಿಕರೂಪದಲ್ಲಿ ಬೇರ್ಪಡಿಸಿದ್ದರು. ಜೀರ್ಣಕಾರಿ ಕಿಣ್ವವನ್ನು ತಯಾರಿಸುವ ಅಂಗವೇ ಅದರ ವಿರುದ್ಧ ರಕ್ಷಣೆಯನ್ನೂ ಏರ್ಪಡಿಸಿಕೊಂಡಿರುತ್ತದೆ ಎಂಬುದು ಪ್ರಾಣಿದೇಹದ ಮಟ್ಟಿಗೆ ಹೊಸ ಸಂಗತಿಯಾಗಿರಲಿಲ್ಲ. ಏಕಕೋಶ ಜೀವಿಯಲ್ಲಿ ಅಂತಹ ಏರ್ಪಾಟು ಇರಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಮೂರು ದಶಕಗಳು ಬೇಕಾದವು.

ಜಪಾನಿನ ನಿಶಿಮುರ ಮತ್ತು ನೊಮುರ 1950ರ ದಶಕದ ಕೊನೆಯಲ್ಲಿ ಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯ ಹೊರಚೆಲ್ಲುವ ರೈಬೋನ್ಯೂಕ್ಲಿಯೇಸನ್ನು ವಿವರಿಸಿದರು. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಡಬ್ಲ್ಯು. ಎಚ್. ಎಲಿಯಟ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ಇದೇ ಕಿಣ್ವವನ್ನು ಬೇರೊಂದು ಉದ್ದೇಶದಿಂದ ಕೈಗೆತ್ತಿಕೊಂಡರು. ಕೋಶದೊಳಗೆ ತಯಾರಾದ ಪ್ರೋಟೀನು ಹೊರಕ್ಕೆ ಹೇಗೆ ಸಾಗುತ್ತದೆ ಎಂಬುದು ಅವರ ಆಸಕ್ತಿಯ ವಿಷಯ. ಈ ಹಾದಿಯಲ್ಲಿಯೇ ಸ್ಮೀಟನ್ ಮತ್ತು ಎಲಿಯಟ್ ಅವರಿಗೆ ಕೋಶದೊಳಗಿನ ಪ್ರತಿಬಂಧಕ ದೊರೆಯಿತು. 1967ರಲ್ಲಿ ಪ್ರಕಟವಾದ ಅವರ ಪ್ರಬಂಧ ಅದನ್ನು ಬೇರ್ಪಡಿಸಿದ ಬಗೆಯನ್ನೂ ಅದರ ಗುಣಗಳನ್ನೂ ವಿವರಿಸಿತು. ಸಿಕ್ಕ ಸಿಕ್ಕ ರೈಬೋನ್ಯೂಕ್ಲಿಯೇಸ್‌ಗಳನ್ನೆಲ್ಲ ತಡೆಯುವ ವಸ್ತು ಅದಾಗಿರಲಿಲ್ಲ. ನಿರ್ದಿಷ್ಟ ಕಿಣ್ವಕ್ಕೆ ಒಗ್ಗಿದ ನಿರ್ದಿಷ್ಟ ಪ್ರೋಟೀನ್ ಆಗಿತ್ತು.

ಹಳೆಯ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ಹುಡುಕುವವರು ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ಆ ಕಾಲದ ಬರವಣಿಗೆಯಲ್ಲಿ ಈ ಬ್ಯಾಕ್ಟೀರಿಯದ ಹೆಸರು ಬ್ಯಾಸಿಲಸ್ ಸಬ್ಟಿಲಿಸ್ ಎಂದೇ ಇದೆ. ಫುಕುಮೋಟೊ 1943ರಲ್ಲಿಯೇ ಅಮೈಲೋಲಿಕ್ವಿಫೇಸಿಯನ್ಸ್ ಎಂಬ ಹೆಸರನ್ನು ಕೊಟ್ಟಿದ್ದರೂ ಅದು ಸಬ್ಟಿಲಿಸ್‌ನ ಒಂದು ಬಗೆಯಷ್ಟೇ ಎಂದು ಬಹುಮಂದಿ ಭಾವಿಸಿದ್ದರು. ಎರಡೂ ಬೇರೆ ಬೇರೆ ಎಂದು ವೆಲ್ಕರ್ ಮತ್ತು ಕ್ಯಾಂಪ್‌ಬೆಲ್ ತೋರಿಸಿಕೊಟ್ಟದ್ದು 1967ರಲ್ಲಿ, ಅಂದರೆ ಪ್ರತಿಬಂಧಕದ ಪ್ರಬಂಧ ಹೊರಬಂದ ವರ್ಷದಲ್ಲಿಯೇ. ಹೀಗಾಗಿ ಒಂದೇ ಪ್ರೋಟೀನಿನ ಚರಿತ್ರೆ ಎರಡು ಜೀವಿಗಳ ಹೆಸರಿನಡಿ ಹಂಚಿಹೋಗಿದೆ.

ಬೆಥೆಸ್ಡಾದ ಪ್ರಯೋಗಾಲಯದಲ್ಲಿ

ಇಂದು ಬಳಕೆಯಲ್ಲಿರುವ ಎರಡೂ ಹೆಸರುಗಳು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ರಾಬರ್ಟ್ ಹಾರ್ಟ್ಲಿ ಅವರ ಬರವಣಿಗೆಯಿಂದ ಬಂದವು. 1972ರಲ್ಲಿ ಹಾರ್ಟ್ಲಿ ಮತ್ತು ರೋಜರ್‌ಸನ್ ಎರಡನ್ನೂ ಶುದ್ಧೀಕರಿಸುವ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಹಾರ್ಟ್ಲಿ ಮತ್ತು ಬಾರ್ಕರ್ ಬಾರ್ನೇಸ್‌ನ 110 ಅಮೈನೋ ಆಮ್ಲಗಳ ಅನುಕ್ರಮವನ್ನು ಹೊರತಂದರು. ಬಾರ್‌ಸ್ಟಾರ್‌ನದು 89 ಅಮೈನೋ ಆಮ್ಲಗಳ ಇನ್ನೂ ಚಿಕ್ಕ ಸರಪಳಿ. ಆಗ ಎಲ್ಲರಿಗೂ ಪರಿಚಿತವಾಗಿದ್ದ ದನದ ಮೇದೋಜೀರಕದ ರೈಬೋನ್ಯೂಕ್ಲಿಯೇಸ್‌ನಲ್ಲಿ ನಾಲ್ಕು ಗಂಧಕ ಸೇತುವೆಗಳಿವೆ. ಬಾರ್ನೇಸ್‌ನಲ್ಲಿ ಅಂತಹ ಸೇತುವೆ ಒಂದೂ ಇಲ್ಲ. ಹೊರಗಿನ ಕಟ್ಟುಗಳಿಲ್ಲದ ಸರಪಳಿ ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ನಿಶ್ಚಿತ ಆಕಾರ ತಳೆಯುವ ಬಗೆಯನ್ನು ತಿಳಿಯಲು ಇದಕ್ಕಿಂತ ಸರಳವಾದ ವಸ್ತು ದೊರೆಯುವುದು ಕಷ್ಟ ಎಂಬುದನ್ನು ಹಾರ್ಟ್ಲಿ ಮನಗಂಡಿದ್ದರು. 1982ರಲ್ಲಿ ಮೋಗೆನ್ ಮತ್ತು ಸಂಗಡಿಗರು ಕ್ಷ-ಕಿರಣಗಳ ನೆರವಿನಿಂದ ಬಾರ್ನೇಸ್‌ನ ರಚನೆಯನ್ನು ಕಂಡುಕೊಂಡರು.

ಆ ಹೊತ್ತಿಗೆ ವಂಶವಾಹಿ ತಂತ್ರಜ್ಞಾನ ಬೆಳೆದಿತ್ತು. ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ಪರಿಣಾಮವನ್ನು ಅಳೆಯಬೇಕಾದರೆ ಬಾರ್ನೇಸ್‌ನ ವಂಶವಾಹಿಯನ್ನು ಎಶ್ಚರೀಕಿಯ ಕೋಲೈ ಬ್ಯಾಕ್ಟೀರಿಯದೊಳಕ್ಕೆ ಸೇರಿಸಿ ಅಲ್ಲಿ ಪ್ರೋಟೀನನ್ನು ತಯಾರಿಸಬೇಕು. ತೊಡಕು ಎದುರಾದದ್ದು ಇಲ್ಲಿಯೇ. ವಂಶವಾಹಿಯನ್ನು ಪಡೆದ ಬ್ಯಾಕ್ಟೀರಿಯ ಸಾಯುತ್ತಿತ್ತು. ಪ್ಯಾಡನ್ ಮತ್ತು ಹಾರ್ಟ್ಲಿ 1985ರಲ್ಲಿ ಪ್ರಕಟಿಸಿದುದು ನಿಷ್ಕ್ರಿಯಗೊಂಡ ವಂಶವಾಹಿಯ ಪ್ರತಿಯನ್ನು. 1987ರಲ್ಲಿ ಅವರು ಕೋಶದೊಳಗೆ ತಯಾರಿಸಿದ ಬಾರ್ನೇಸ್ ಕೂಡ ಉತ್ಪರಿವರ್ತನೆಯಿಂದ ಹಲ್ಲು ಕಿತ್ತ ಹಾವಾಗಿತ್ತು. ಸಕ್ರಿಯ ಕಿಣ್ವ ಕೈಗೆ ಬಂದದ್ದು ಬಾರ್‌ಸ್ಟಾರ್‌ನ ವಂಶವಾಹಿಯನ್ನು ಅದೇ ಕೋಶದಲ್ಲಿ ಜೊತೆಗಿರಿಸಿದ ಮೇಲೆ. ಕಾವಲುಗಾರನ ಸಮ್ಮುಖದಲ್ಲಿ ಮಾತ್ರ ವಿಷವನ್ನು ತಯಾರಿಸಬಹುದು ಎಂಬ ಈ ಫಲಿತಾಂಶವನ್ನು ಹಾರ್ಟ್ಲಿ 1988ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಅಲನ್ ಫರ್ಶ್ಟ್ ಅವರ ಗುಂಪು ಬಾರ್ನೇಸ್‌ನ ಮಡಿಚಿಕೆಯ ಬಗ್ಗೆ 1989ರಿಂದ ಹೊರತಂದ ಪ್ರಸಿದ್ಧ ಅಧ್ಯಯನಗಳು ಕಿಣ್ವವನ್ನು ಕುರಿತವು. ಆದರೆ ಆ ಕಿಣ್ವವನ್ನು ಕೋಶ ಕೊಲ್ಲದೆ ಪಡೆಯುವ ಉಪಾಯದ ಹಿಂದೆ ಪ್ರತಿಬಂಧಕವಿತ್ತೆಂಬುದು ಅನೇಕ ವಿಮರ್ಶಾ ಲೇಖನಗಳಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚಿನ ಸ್ಥಳವನ್ನು ಪಡೆದಿಲ್ಲ.

ಬಂಧದ ಬಲ

ಬಾರ್‌ಸ್ಟಾರ್ ಕಿಣ್ವವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ? ಈ ಪ್ರಶ್ನೆಗೆ ನಿಖರವಾದ ಉತ್ತರ ಕೇಂಬ್ರಿಜ್‌ನಲ್ಲಿ ಗಿಡಿಯನ್ ಶ್ರೈಬರ್ ಮತ್ತು ಫರ್ಶ್ಟ್ ನಡೆಸಿದ ಅಳತೆಗಳಿಂದ 1993ರಲ್ಲಿ ದೊರೆಯಿತು. ಎರಡು ಪ್ರೋಟೀನುಗಳ ಕೂಟ ಬಿಚ್ಚಿಕೊಳ್ಳುವ ಪ್ರವೃತ್ತಿಯನ್ನು ಸೂಚಿಸುವ ವಿಯೋಜನ ಸ್ಥಿರಾಂಕ ಸುಮಾರು ಹತ್ತರ ಋಣ 14ನೆಯ ಘಾತದಷ್ಟು ಮೋಲಾರ್ ಎಂದು ಅವರು ಲೆಕ್ಕ ಹಾಕಿದರು. ಪ್ರಕೃತಿಯಲ್ಲಿ ಕಂಡುಬಂದಿರುವ ಅತಿ ಬಿಗಿಯಾದ ಪ್ರೋಟೀನ್ ಬಂಧಗಳಲ್ಲಿ ಇದೊಂದು. ಈ ಸಂಖ್ಯೆಯನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಅಳೆಯಲಾದ ಬಿಡುಗಡೆಯ ವೇಗ ಸೆಕೆಂಡಿಗೆ ಸುಮಾರು ಹತ್ತು ಲಕ್ಷದಲ್ಲಿ 8 ಪಾಲು. ಇದರಂತೆ, ಒಮ್ಮೆ ಕೂಡಿಕೊಂಡ ಜೋಡಿಗಳಲ್ಲಿ ಅರ್ಧದಷ್ಟು ಬಿಡಿಸಿಕೊಳ್ಳಲು ಹೆಚ್ಚುಕಡಿಮೆ 24 ಗಂಟೆಗಳು ಹಿಡಿಯುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಗಂಟೆಯೊಳಗೇ ಇಮ್ಮಡಿಯಾಗಬಲ್ಲ ಬ್ಯಾಕ್ಟೀರಿಯಕ್ಕೆ ಒಂದು ದಿನವೆಂದರೆ ಹಲವು ತಲೆಮಾರುಗಳ ಕಾಲ.

ಬಿಡದೆ ಹಿಡಿಯುವುದಷ್ಟೇ ಸಾಲದು, ಬೇಗ ಹಿಡಿಯಬೇಕು. ಕೋಶದೊಳಗೆ ಮಡಿಚಿಕೊಂಡ ಬಾರ್ನೇಸ್ ಅಣು ಕ್ಷಣಕಾಲ ಸ್ವತಂತ್ರವಾಗಿದ್ದರೂ ಅನೇಕ ಆರ್‌ಎನ್‌ಎ ಅಣುಗಳು ನಾಶವಾಗುತ್ತವೆ. ಬಾರ್ನೇಸ್‌ನ ಸಕ್ರಿಯ ತಾಣದ ಸುತ್ತ ಲೈಸೀನ್, ಆರ್ಜಿನೀನ್‌ಗಳಂತಹ ಧನ ವಿದ್ಯುದಂಶದ ಘಟಕಗಳು ನೆರೆದಿವೆ. ಆರ್‌ಎನ್‌ಎಯ ಬೆನ್ನೆಲುಬಿನಲ್ಲಿರುವ ಋಣ ವಿದ್ಯುದಂಶದ ಫಾಸ್ಫೇಟನ್ನು ಸೆಳೆಯಲು ಅವು ಬೇಕು. ಬಾರ್‌ಸ್ಟಾರ್ ತನ್ನ ಒಂದು ಮುಖದಲ್ಲಿ ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲಗಳ ಋಣ ವಿದ್ಯುದಂಶಗಳನ್ನು ಒಟ್ಟುಗೂಡಿಸಿಕೊಂಡಿದೆ. ಪರಸ್ಪರ ಆಕರ್ಷಣೆಯಿಂದ ಎರಡೂ ಒಂದರತ್ತ ಒಂದು ಸರಿಯಾದ ಭಂಗಿಯಲ್ಲಿ ಧಾವಿಸುತ್ತವೆ. ಲವಣವನ್ನು ಹೆಚ್ಚಿಸಿ ಈ ಆಕರ್ಷಣೆಯನ್ನು ಮರೆಮಾಡಿದಾಗ ಏನಾಗುತ್ತದೆ ಎಂಬುದನ್ನು ಅವರು 1996ರಲ್ಲಿ ವಿಶ್ಲೇಷಿಸಿದರು. ವಿದ್ಯುದಾಕರ್ಷಣೆಯ ನೆರವಿಲ್ಲದಿದ್ದರೆ ಕೂಡಿಕೆಯ ವೇಗಾಂಕ ಹತ್ತರ 5ನೆಯ ಘಾತದ ಆಸುಪಾಸು. ನೆರವು ಪೂರ್ಣವಾಗಿ ದೊರೆತಾಗ ಅದು 50,000 ಪಟ್ಟಿಗಿಂತಲೂ ಮಿಗಿಲಾಗಿ ಏರುತ್ತದೆ.

ಹಿಡಿತದ ಚಿತ್ರ ಕಣ್ಣಿಗೆ ಕಂಡದ್ದು ಎರಡು ಸ್ಫಟಿಕ ರಚನೆಗಳಿಂದ. 1993ರಲ್ಲಿ ಗಿಯೆ, ಲ್ಯಾಪ್‌ಥಾರ್ನ್, ಹಾರ್ಟ್ಲಿ, ಮೋಗೆನ್ ಒಂದನ್ನು ಪ್ರಕಟಿಸಿದರು. 1994ರಲ್ಲಿ ಬಕಲ್, ಶ್ರೈಬರ್, ಫರ್ಶ್ಟ್ ಇನ್ನಷ್ಟು ಸ್ಪಷ್ಟವಾದ ಮತ್ತೊಂದನ್ನು ಪ್ರಕಟಿಸಿದರು. ಬಾರ್‌ಸ್ಟಾರ್‌ನ ಎರಡನೆಯ ಸುರುಳಿಯೂ ಅದಕ್ಕೆ ಹೊಂದಿಕೊಂಡ ಬಾಗುಭಾಗವೂ ಕಿಣ್ವದ ಸಕ್ರಿಯ ತಾಣದೊಳಕ್ಕೆ ನೇರವಾಗಿ ತೂರಿಕೊಂಡು ಬಾಯಿ ಮುಚ್ಚುತ್ತವೆ. 39ನೆಯ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲ ಕೂರುವ ಜಾಗ ಆರ್‌ಎನ್‌ಎಯ ಫಾಸ್ಫೇಟ್ ಕೂರಬೇಕಾದ ಜಾಗವೇ ಆಗಿದೆ. ಅಲ್ಲಿ ಅದು ಕಿಣ್ವದ 83 ಮತ್ತು 87ನೆಯ ಆರ್ಜಿನೀನ್‌ಗಳೊಡನೆಯೂ 102ನೆಯ ಹಿಸ್ಟಿಡೀನ್‌ನೊಡನೆಯೂ ಬಂಧ ಬೆಸೆಯುತ್ತದೆ. ಈ ಪೈಕಿ ಹಿಸ್ಟಿಡೀನ್ ಆರ್‌ಎನ್‌ಎಯನ್ನು ಕತ್ತರಿಸುವ ಕ್ರಿಯೆಯಲ್ಲಿ ನೇರವಾಗಿ ಪಾಲ್ಗೊಳ್ಳುವ ಘಟಕ. ಹೀಗೆ ಪ್ರತಿಬಂಧಕ ಕಿಣ್ವಕ್ಕೆ ಅದರ ಆಹಾರದ ವೇಷದಲ್ಲಿ ಎದುರಾಗುತ್ತದೆ. ಕಿಣ್ವ ಅದನ್ನು ತುಂಡರಿಸಲಾರದು, ಉಗುಳಲೂ ಆರದು.

ಎರಡೂ ಪ್ರೋಟೀನುಗಳಲ್ಲಿ ಏಕಕಾಲಕ್ಕೆ ಒಂದೊಂದು ಘಟಕವನ್ನು ಬದಲಿಸಿ, ಯಾವ ಘಟಕ ಯಾವುದರೊಡನೆ ಎಷ್ಟು ಬಲದಿಂದ ಬೆಸೆದಿದೆ ಎಂಬುದನ್ನು ಶ್ರೈಬರ್ ಮತ್ತು ಫರ್ಶ್ಟ್ 1995ರಲ್ಲಿ ಅಳೆದರು. ಸುಮಾರು 7 ಆಂಗ್‌ಸ್ಟ್ರಾಮ್‌ಗಿಂತ ಹತ್ತಿರವಿರುವ ಜೋಡಿಗಳು ಪರಸ್ಪರ ಸಹಕರಿಸುತ್ತವೆ. ದೂರ ಹೆಚ್ಚಿದಂತೆ ಸಹಕಾರ ಕ್ಷೀಣಿಸುತ್ತದೆ. ಪ್ರೋಟೀನುಗಳ ಬಂಧವನ್ನು ಲೆಕ್ಕಾಚಾರದಿಂದ ಊಹಿಸಲು ಹೊರಟ ಮುಂದಿನ ಸಂಶೋಧಕರಿಗೆ ಈ ಅಂಕಿಗಳೇ ಒರೆಗಲ್ಲಾದವು.

ಇದೇ ಗುಂಪು 1994ರಲ್ಲಿ ಗಮನಿಸಿದ ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಒಂದೇ ಬಗೆಯ ವಿದ್ಯುದಂಶಗಳು ಹತ್ತಿರ ಹತ್ತಿರ ನೆರೆದರೆ ಅವು ಒಂದನ್ನೊಂದು ದೂಡುತ್ತವೆ. ಬಾರ್‌ಸ್ಟಾರ್‌ನ ಬಂಧನ ಮುಖದಲ್ಲಿ ಆಗಿರುವುದೂ ಇದೇ. ಅಲ್ಲಿನ ಕೆಲವು ಋಣ ಘಟಕಗಳನ್ನು ಅಲನೀನ್‌ಗೆ ಬದಲಿಸಿದಾಗ ಬಾರ್‌ಸ್ಟಾರ್ ಮೊದಲಿಗಿಂತ ಸ್ಥಿರವಾಯಿತು, ಆದರೆ ಕಿಣ್ವದ ಮೇಲಿನ ಹಿಡಿತ ಸಡಿಲವಾಯಿತು. ತನ್ನ ಸ್ಥಿರತೆಯನ್ನು ಒಂದಿಷ್ಟು ಬಿಟ್ಟುಕೊಟ್ಟು ಹಿಡಿತವನ್ನು ಗಳಿಸಿಕೊಂಡ ಪ್ರೋಟೀನ್ ಇದು. ಜೀವವಿಕಾಸ ಪ್ರತಿಯೊಂದು ಅಣುವನ್ನೂ ಎಲ್ಲ ದಿಕ್ಕಿನಲ್ಲಿಯೂ ಪರಿಪೂರ್ಣಗೊಳಿಸುತ್ತದೆ ಎಂಬ ಸುಲಭ ನಂಬಿಕೆಗೆ ಇಷ್ಟು ನೇರವಾದ ಪ್ರಾಯೋಗಿಕ ಉತ್ತರಗಳು ಹೆಚ್ಚಿಲ್ಲ.

ಬೆಂಗಳೂರಿನ ಅಧ್ಯಯನಗಳು

ಬಾರ್‌ಸ್ಟಾರನ್ನು ಅದರ ಜೋಡಿಯಿಂದ ಬೇರ್ಪಡಿಸಿ ಸ್ವತಂತ್ರ ಅಧ್ಯಯನದ ವಸ್ತುವನ್ನಾಗಿ ಮಾಡಿದ ಕೆಲಸದ ಬಹುಭಾಗ ನಡೆದದ್ದು ಕರ್ನಾಟಕದಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಯಂತ್ ಉದ್ಗಾಂವ್ಕರ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದ ಮೊದಲ ವರ್ಷಗಳಲ್ಲಿ ಈ ಪ್ರೋಟೀನನ್ನು ಆರಿಸಿಕೊಂಡರು. ಚಿಕ್ಕ ಗಾತ್ರವಲ್ಲದೆ ಇನ್ನೊಂದು ಅನುಕೂಲವೂ ಅದಕ್ಕಿತ್ತು. ಬಾರ್‌ಸ್ಟಾರ್‌ನಲ್ಲಿ ಮೂರು ಟ್ರಿಪ್ಟೊಫ್ಯಾನ್ ಘಟಕಗಳಿವೆ. ಅವುಗಳಲ್ಲಿ 53ನೆಯ ಸ್ಥಾನದ್ದು ಪ್ರೋಟೀನಿನ ಗರ್ಭದಲ್ಲಿ ಹುದುಗಿದೆ. ಟ್ರಿಪ್ಟೊಫ್ಯಾನ್ ಸೂಸುವ ಪ್ರತಿದೀಪ್ತಿಯ ಏರಿಳಿತವನ್ನು ಗಮನಿಸಿ ಸರಪಳಿ ಮಡಿಚಿಕೊಳ್ಳುತ್ತಿದೆಯೋ ಬಿಚ್ಚಿಕೊಳ್ಳುತ್ತಿದೆಯೋ ಎಂಬುದನ್ನು ಅರಿಯಬಹುದು.

1995ರಲ್ಲಿ ಅಗಾಶೆ, ಶಾಸ್ತ್ರಿ ಮತ್ತು ಉದ್ಗಾಂವ್ಕರ್ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ಪರಂಪರೆಯಲ್ಲಿ ಮುಖ್ಯವಾದದ್ದು. ಸರಪಳಿಯಲ್ಲಿ ಮೊದಲು ಸುರುಳಿಗಳೂ ಪಟ್ಟಿಗಳೂ ಮೂಡಿ ಅನಂತರ ಅವು ಒತ್ತಟ್ಟಿಗೆ ಬರುತ್ತವೆಯೋ, ಅಥವಾ ನೀರಿಗೆ ಒಲ್ಲದ ಭಾಗಗಳು ಒಳಸರಿದು ಸರಪಳಿ ಮೊದಲು ಕುಸಿದು ಮುದ್ದೆಯಾಗುತ್ತದೆಯೋ ಎಂಬ ವಿವಾದ ಆಗ ಬಿಸಿಯಾಗಿತ್ತು. ಹಲವು ಬಗೆಯ ದ್ಯುತಿ ಮಾಪನಗಳನ್ನು ಒಟ್ಟಿಗೆ ಹೋಲಿಸಿದ ಬೆಂಗಳೂರಿನ ಗುಂಪು, ಬಾರ್‌ಸ್ಟಾರ್ 4 ಮಿಲಿಸೆಕೆಂಡುಗಳೊಳಗೆ ಮುದ್ದೆಯಾಗುತ್ತದೆ, ಆ ಹಂತದಲ್ಲಿ ಸುರುಳಿಯ ಅಥವಾ ಪಟ್ಟಿಯ ಸುಳಿವು ಕಾಣುವುದಿಲ್ಲ ಎಂದು ತೋರಿಸಿತು.

ಪ್ರತಿಬಂಧಕ ಕ್ರಿಯೆಗೆ ನೇರವಾಗಿ ಸಂಬಂಧಿಸಿದ ಒಂದು ಅಂಶವೂ ಮಡಿಚಿಕೆಯ ಈ ಅಧ್ಯಯನಗಳಿಂದ ಹೊರಬಿತ್ತು. ಬಾರ್‌ಸ್ಟಾರ್‌ನ 48ನೆಯ ಪ್ರೋಲೀನ್ ತನ್ನ ಅಂತಿಮ ಭಂಗಿಗೆ ತಿರುಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಮಡಿಚಿಕೆಯ ಕೊನೆಯ ಹೆಜ್ಜೆ ನಿಧಾನವಾಗುವುದು ಇದರಿಂದಲೇ. ಕಾವಲುಗಾರ ಸಿದ್ಧವಾಗುವುದು ಇಷ್ಟು ತಡವಾದರೆ ಕೋಶದ ಗತಿಯೇನು? ಈ ತಿರುವು ಪೂರ್ಣವಾಗುವ ಮೊದಲಿನ ಮಧ್ಯಂತರ ರೂಪವೇ ಬಾರ್ನೇಸನ್ನು ಹಿಡಿದು ತಡೆಯಬಲ್ಲದು ಎಂಬುದನ್ನು ಶ್ರೈಬರ್ ಮತ್ತು ಫರ್ಶ್ಟ್ 1993ರಲ್ಲಿ ಕಂಡಿದ್ದರು. ಮಡಿಚಿಕೆಗೆ ಹಲವು ಹಾದಿಗಳೂ ಹಲವು ಮಧ್ಯಂತರ ರೂಪಗಳೂ ಇವೆಯೆಂದು ಶಾಸ್ತ್ರಿ ಮತ್ತು ಉದ್ಗಾಂವ್ಕರ್ 1995ರಲ್ಲಿ ತೋರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಅವರೊಡನೆ ನಡೆದ ಜಂಟಿ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಒಂಟಿ ಬಾರ್‌ಸ್ಟಾರ್‌ನ ಸ್ಫಟಿಕ ರಚನೆಯನ್ನು ಕಾಂತೀಯ ಅನುರಣನದಿಂದ ಪಡೆದ ಹಿಂದಿನ ರಚನೆಯೊಡನೆ ಹೋಲಿಸಿ, ಅಣುವಿನೊಳಗಿನ ಸಾಂದ್ರತೆಯ ವಿಚಾರದಲ್ಲಿ ಎರಡನೆಯ ವಿಧಾನವನ್ನು ಪೂರ್ತಿ ನಂಬಲಾಗದು ಎಂಬ ನಿಷ್ಠುರ ತೀರ್ಮಾನಕ್ಕೆ ಅದು ಬಂದಿತು.

ಹೂವಿನೊಳಗೆ

ಬೆಲ್ಜಿಯಂನ ಗೆಂಟ್ ನಗರದ ಪ್ಲಾಂಟ್ ಜೆನೆಟಿಕ್ ಸಿಸ್ಟಮ್ಸ್ ಸಂಸ್ಥೆಯ ಮಾರಿಯಾನಿ ಮತ್ತು ಸಂಗಡಿಗರು ಅಮೆರಿಕದ ಗೋಲ್ಡ್‌ಬರ್ಗ್ ಅವರೊಡನೆ ಕೂಡಿ 1990ರಲ್ಲಿ ಬಾರ್ನೇಸ್‌ಗೆ ಯಾರೂ ನಿರೀಕ್ಷಿಸದ ಉದ್ಯೋಗವೊಂದನ್ನು ಒದಗಿಸಿದರು. ತಂಬಾಕಿನ ಪರಾಗಕೋಶದಲ್ಲಿ ಪರಾಗಕ್ಕೆ ಪೋಷಣೆ ನೀಡುವ ಒಳಪದರವೊಂದಿದೆ. ಆ ಪದರದಲ್ಲಿ ಮಾತ್ರ ಚಾಲನೆಗೊಳ್ಳುವ ಪ್ರಚೋದಕವೊಂದಕ್ಕೆ ಬಾರ್ನೇಸ್‌ನ ವಂಶವಾಹಿಯನ್ನು ಜೋಡಿಸಿದಾಗ ಪದರ ನಾಶವಾಗಿ ಪರಾಗ ಹುಟ್ಟಲಿಲ್ಲ. ಗಿಡದ ಉಳಿದ ಭಾಗಗಳು ಎಂದಿನಂತೆ ಬೆಳೆದವು. ಎಣ್ಣೆಬೀಜದ ರೇಪ್ ಬೆಳೆಯಲ್ಲಿಯೂ ಇದೇ ಫಲ ದೊರೆಯಿತು. ಗಂಡು ಬಂಜೆಯಾದ ಗಿಡ ತನ್ನ ಪರಾಗದಿಂದ ಕಾಯಿ ಕಟ್ಟಲಾರದು. ಬೇರೆ ತಳಿಯ ಪರಾಗ ಬಿದ್ದರೆ ಹುಟ್ಟುವುದೆಲ್ಲ ಸಂಕರ ಬೀಜ.

ಇದರ ಬೆಲೆ ಕರ್ನಾಟಕದ ಓದುಗರಿಗೆ ಹತ್ತಿಯ ನಿದರ್ಶನದಿಂದ ತಿಳಿಯುತ್ತದೆ. ಧಾರವಾಡದಲ್ಲಿ ಕಟರಕಿಯವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಸಂಕರ ಹತ್ತಿಯ ಬೀಜೋತ್ಪಾದನೆಯಲ್ಲಿ ಪ್ರತಿ ಹೂವಿನ ಕೇಸರವನ್ನೂ ಕೈಯಿಂದ ಕಿತ್ತು, ಮತ್ತೊಂದು ತಳಿಯ ಪರಾಗವನ್ನು ಕೈಯಿಂದಲೇ ಸವರಬೇಕಿತ್ತು. ಹತ್ತಿಯ ಹೂವು ದೊಡ್ಡದಾದ್ದರಿಂದ ಆ ದುಡಿಮೆ ಸಾಧ್ಯವಾಯಿತು. ಸಾಸಿವೆಯ ಸಣ್ಣ ಹೂವಿನಲ್ಲಿ ಅದನ್ನು ಹೊಲದ ಪ್ರಮಾಣದಲ್ಲಿ ಮಾಡುವುದು ಅಸಾಧ್ಯ.

ಆದರೆ ಸಂಕರ ಬೀಜವನ್ನು ಬಿತ್ತಿದ ರೈತನಿಗೆ ಬೇಕಾದದ್ದು ಕಾಳು. ಬಾರ್ನೇಸ್ ಹೊತ್ತ ಗಿಡದ ಸಂತಾನವೂ ಬಂಜೆಯಾದರೆ ಸಾಸಿವೆಯಂತಹ ಬೆಳೆಯಲ್ಲಿ ಕಾಳು ಕಟ್ಟುವುದು ಹೇಗೆ? ಇಲ್ಲಿಯೂ ಉತ್ತರ ಬಂದದ್ದು ಪ್ರತಿಬಂಧಕದಿಂದಲೇ. ಅದೇ ಗುಂಪು 1992ರಲ್ಲಿ ಇನ್ನೊಂದು ತಳಿಗೆ ಬಾರ್‌ಸ್ಟಾರ್‌ನ ವಂಶವಾಹಿಯನ್ನು ಸೇರಿಸಿ ಎರಡನ್ನೂ ಸಂಕರಗೊಳಿಸಿತು. ಸಂತಾನದ ಪರಾಗಕೋಶದಲ್ಲಿ ಎರಡು ಪ್ರೋಟೀನುಗಳೂ ತಯಾರಾಗಿ ಒಂದಕ್ಕೊಂದು ಅಂಟಿಕೊಂಡವು. ಕಿಣ್ವ ನಿಷ್ಕ್ರಿಯವಾಗಿ ಪರಾಗ ಹುಟ್ಟಿತು. ಮಣ್ಣಿನ ಬ್ಯಾಕ್ಟೀರಿಯದೊಳಗೆ ನಡೆಯುತ್ತಿದ್ದ ರಕ್ಷಣಾ ಕಾರ್ಯ ಹೂವಿನ ಪರಾಗಕೋಶದಲ್ಲಿ ಯಾವ ಬದಲಾವಣೆಯೂ ಇಲ್ಲದೆ ನಡೆಯಿತು. ಕೆನಡಾದಲ್ಲಿ ಈ ವ್ಯವಸ್ಥೆಯ ಸಂಕರ ಕನೋಲ 1990ರ ದಶಕದ ಮಧ್ಯದಿಂದ ಬೇಸಾಯಕ್ಕೆ ಬಂದಿತು.

ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ಅವರ ಗುಂಪು ಈ ವ್ಯವಸ್ಥೆಯನ್ನು ಭಾರತೀಯ ಸಾಸಿವೆಗೆ ಅಳವಡಿಸಿತು. ವಂಶವಾಹಿಗಳನ್ನು ಹಾಗೆಯೇ ತಂದು ಸೇರಿಸುವುದು ಸಾಲದಾಯಿತು. ಪಕ್ಕದ ವಂಶವಾಹಿಯ ಬಲವಾದ ಪ್ರಚೋದಕದ ಪ್ರಭಾವದಿಂದ ಬಾರ್ನೇಸ್ ಪರಾಗಕೋಶದ ಹೊರಗೂ ಸೋರುವ ಸಂಭವವಿತ್ತು. ನಡುವೆ ಡಿಎನ್‌ಎಯ ಒಂದು ತುಣುಕನ್ನು ಅಂತರವಾಗಿ ಇರಿಸಿ ಇದನ್ನು ತಡೆದ ಬಗೆಯನ್ನು ಅವರು 2001ರಲ್ಲಿ ವಿವರಿಸಿದರು. ಬಾರ್‌ಸ್ಟಾರ್ ತಳಿಗಳನ್ನು ಬೆಳೆಸಿ ಸರಿಯಾದ ಜೋಡಿಯನ್ನು ಗುರುತಿಸಿದ ಪ್ರಬಂಧ 2002ರಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾರ್ನೇಸ್ ಹೊತ್ತ ವರುಣ ತಳಿಯನ್ನೂ ಬಾರ್‌ಸ್ಟಾರ್ ಹೊತ್ತ ಅರ್ಲಿ ಹೀರಾ-2 ತಳಿಯನ್ನೂ ಕೂಡಿಸಿ ಪಡೆದ ಸಂಕರವೇ ಡಿಎಂಎಚ್-11.

ಈ ಸಾಸಿವೆಯಲ್ಲಿ ಮೂರನೆಯ ವಂಶವಾಹಿಯೊಂದಿದೆ. ಅದರ ಹೆಸರು ಬಾರ್. ಹೆಸರಿನ ಹೋಲಿಕೆ ಕೇವಲ ಆಕಸ್ಮಿಕ. ಬಾರ್ನೇಸ್‌ಗೂ ಬಾರ್‌ಸ್ಟಾರ್‌ಗೂ ಅದು ಸಂಬಂಧಿಯಲ್ಲ. ಗ್ಲುಫೋಸಿನೇಟ್ ಎಂಬ ಕಳೆನಾಶಕವನ್ನು ತಡೆದುಕೊಳ್ಳುವ ಶಕ್ತಿಯನ್ನು ಅದು ಕೊಡುತ್ತದೆ. ಬಂಜೆ ತಳಿಯನ್ನು ಮುಂದುವರಿಸಲು ಸಾಧಾರಣ ತಳಿಯೊಡನೆ ಕೂಡಿಸಿದಾಗ ಸಂತಾನದ ಅರ್ಧದಷ್ಟು ಗಿಡಗಳು ಫಲವಂತವಾಗಿಯೇ ಹುಟ್ಟುತ್ತವೆ. ಕಳೆನಾಶಕ ಸಿಂಪಡಿಸಿ ಅವನ್ನು ತೆಗೆದುಹಾಕಲು ಈ ವಂಶವಾಹಿ ಬೇಕಾಗುತ್ತದೆ. ಸಾರ್ವಜನಿಕ ವಿವಾದದ ದೊಡ್ಡ ಪಾಲು ಸುತ್ತುವರಿದಿರುವುದು ಇದನ್ನೇ. ರೈತನ ಹೊಲದಲ್ಲಿ ಕಳೆನಾಶಕದ ಬಳಕೆ ಹೆಚ್ಚೀತೆಂಬ ಭಯ, ಜೇನ್ನೊಣಗಳ ಮೇಲಿನ ಪರಿಣಾಮ, ಇಳುವರಿಯ ಹೋಲಿಕೆ ನ್ಯಾಯವಾಗಿ ನಡೆದಿದೆಯೇ ಎಂಬ ಸಂದೇಹ, ಪರೀಕ್ಷಾ ವರದಿಗಳ ಬಹಿರಂಗತೆ ಇವು ಎತ್ತಲಾದ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ಎರಡು ಪ್ರೋಟೀನುಗಳ ಬಂಧದ ಬಲದಲ್ಲಿ ಹುಡುಕಲಾಗದು. ಹತ್ತರ ಋಣ 14ನೆಯ ಘಾತ ಎಷ್ಟೇ ನಿಖರವಾದ ಅಳತೆಯಾದರೂ ಹೊಲದ ಪ್ರಶ್ನೆಗೆ ಹೊಲದಲ್ಲಿಯೇ ಅಳತೆ ನಡೆಯಬೇಕು.

ತಳೀಯ ತಂತ್ರಜ್ಞಾನ ಮೌಲ್ಯಮಾಪನ ಸಮಿತಿ ಈ ಸಾಸಿವೆಗೆ 2017ರ ಮೇ ತಿಂಗಳಿನಲ್ಲಿ ಶಿಫಾರಸು ಮಾಡಿತಾದರೂ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. 2022ರ ಅಕ್ಟೋಬರ್‌ನಲ್ಲಿ ಪರಿಸರ ಬಿಡುಗಡೆಗೆ ಷರತ್ತುಬದ್ಧ ಅನುಮತಿ ದೊರೆಯಿತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2024ರ ಜುಲೈ 23ರಂದು ನ್ಯಾಯಮೂರ್ತಿಗಳಾದ ಬಿ. ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಅವರ ಪೀಠ ಭಿನ್ನ ತೀರ್ಪುಗಳನ್ನು ನೀಡಿತು. ಅನುಮತಿಯ ಸಿಂಧುತ್ವದ ಬಗ್ಗೆ ಇಬ್ಬರೂ ಒಮ್ಮತಕ್ಕೆ ಬರಲಿಲ್ಲವಾದ್ದರಿಂದ ಅದನ್ನು ಮತ್ತೊಂದು ಪೀಠಕ್ಕೆ ಒಪ್ಪಿಸುವಂತೆ ಸೂಚಿಸಲಾಯಿತು. ಕುಲಾಂತರಿ ಬೆಳೆಗಳ ಬಗ್ಗೆ ಕೇಂದ್ರ ಸರ್ಕಾರ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕು ಎಂಬ ವಿಚಾರದಲ್ಲಿ ಮಾತ್ರ ಇಬ್ಬರೂ ನ್ಯಾಯಮೂರ್ತಿಗಳ ಅಭಿಪ್ರಾಯ ಒಂದೇ ಆಗಿತ್ತು.